ಅತ್ತೆಯ ಎಲುಬು, ಸೊಸೆಯ ಎಣ್ಣೆ

ನಾರಾಯಣಖೇಡದ ಒಂದು ಮನೆಯ ಹೊಸ್ತಿಲ ಹೊರಗೆ ಒಂದು ಮಧ್ಯಾಹ್ನ ಕೆಂಪು ಬ್ಯಾಗೊಂದು ಕೂತಿತ್ತು. ಅದು ಆ ಮನೆಯ ಸೊಸೆಯ ಬ್ಯಾಗು. ತಿರುಗಿ ಒಳಗೆ ಹೋಗಬೇಕೋ, ಜಹೀರಾಬಾದಿನ ಬಸ್ಸು ಹತ್ತಿ ತವರಿಗೆ ಹೋಗಬೇಕೋ ಅನ್ನುವುದು ಅಡುಗೆಮನೆಯಲ್ಲಿದ್ದ ಒಂದು ಎಣ್ಣೆ ಡಬ್ಬಿಯ ಮೇಲೆ ನಿಂತಿತ್ತು. ಆ ಡಬ್ಬಿಯ ವಿಚಾರಣೆಗೆ ನ್ಯಾಯಾಧೀಶನನ್ನಾಗಿ ಕರೆಸಿದ್ದು ನನ್ನನ್ನು. ನಗಬೇಡಿ. ನಾನು ಮಾಡಿದ ನೌಕರಿಯೇ ಅಂಥದ್ದು.

ಮೊನ್ನೆ ನಮ್ಮ ದವಾಖಾನೆಯವರು ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ನಾನು ಇನ್ನೂ ಪೀಠಿಕೆಯಲ್ಲಿರುವಾಗಲೇ ಊಟದ ಗಂಟೆ ಹೊಡೆಯಿತು. ಎಣ್ಣೆ ಹೆಚ್ಚು ತಿನ್ನಬೇಡಿ ಎಂದು ಊರಿಗೆ ಹೇಳಬೇಕಾದ ಮಕ್ಕಳೆಲ್ಲ ಮಿರ್ಚಿ ಭಜಿಯ ಸಾಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಿಂತರು. ನಾನೂ ನಿಂತೆ, ಸುಳ್ಳು ಯಾಕೆ ಹೇಳಲಿ? ಅಲ್ಲಿ ಉಳಿದುಹೋದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಶರಣಪ್ಪ. ಜಹೀರಾಬಾದಿನ ಒಂದು ಎಲುಬಿನ ದವಾಖಾನೆಯಲ್ಲಿ ಆಹಾರ ಸಲಹೆಗಾರನಾಗಿದ್ದೆ. ಕೈಕಾಲು ಮುರಿದು ಬಂದವರಿಗೆ ಡಾಕ್ಟರು ಕಟ್ಟು ಹಾಕುತ್ತಿದ್ದರು. ಇನ್ನೊಮ್ಮೆ ಮುರಿಯದಂತೆ ಏನು ತಿನ್ನಬೇಕು, ಏನು ಬಿಡಬೇಕು ಎಂದು ಮನೆಗೇ ಹೋಗಿ ಹೇಳಿ ಬರುವುದು ನನ್ನ ಪಾಲು. ಇತ್ತ ಕೊಹೀರಿನಿಂದ ಅತ್ತ ತಾಂಡೂರಿನವರೆಗೆ ಜನ ನನ್ನನ್ನು ‘ಎಣ್ಣಿ ಶರಣಪ್ಪ’ ಎಂದೇ ಕರೆದರು. ಬಡ್ತಿ ಸಿಕ್ಕಿ ಬಾಗಿಲ ಮೇಲೆ ದೊಡ್ಡ ಹುದ್ದೆಯ ಬೋರ್ಡು ಬಂದ ಮೇಲೂ ಈ ಹೆಸರು ಹೋಗಲಿಲ್ಲ. ಹೋಗದಿದ್ದದ್ದೇ ನನಗೆ ಖುಷಿ.

ಮೊದಲ ದಿನ ಕೊಹೀರಿನ ಒಂದು ಮನೆಗೆ ಹೋದೆ. ಹೊಸ ಬೂಟು, ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಚೀಲ. ಬಾಗಿಲು ತೆರೆದ ಹೆಣ್ಣುಮಗಳಿಗೆ ನಮಸ್ಕಾರ ಹೇಳಿ, “ಮನೆಯಲ್ಲಿ ಯಾವ ಎಣ್ಣೆ ಬಳಸುತ್ತೀರಿ?” ಎಂದು ನೇರ ಕೇಳಿಬಿಟ್ಟೆ.

“ನಮಗ ಬ್ಯಾಡ್ರಿ, ಮೊನ್ನೇ ತಂದೀವಿ,” ಎಂದು ಆಕೆ ಬಾಗಿಲು ಹಾಕಿಕೊಂಡಳು.

ಎಣ್ಣೆ ಮಾರುವವನಲ್ಲ ತಾಯಿ ಎಂದು ಬಾಗಿಲಿಗೇ ಹೇಳಿದೆ. ಪಕ್ಕದ ಮನೆಯವಳು ನನ್ನ ಮಾತು ಕೇಳಿ, ಮಾರುವವನಲ್ಲ ಅಂದರೆ ಕಲಬೆರಕೆ ಹಿಡಿಯುವ ಸರಕಾರದವನು ಎಂದು ತಿಳಿದಳು. ಅರೆ ಗಳಿಗೆಯಲ್ಲಿ ಓಣಿಯ ಕಿರಾಣಿ ಅಂಗಡಿ ಬಾಗಿಲು ಎಳೆದುಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಕೊನೆಗೆ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹುಡುಗ ಚಲೋ ಕಾಣಸ್ತಾನ. ಕನ್ಯಾ ನೋಡಾಕ ಬಂದಿದ್ರ ನೆಟ್ಟಗ ಹೇಳಪ್ಪಾ, ಎಣ್ಣಿ ವಿಷಯ ಯಾಕ ತಗೀತಿ?” ಎಂದ.

ದವಾಖಾನೆಗೆ ವಾಪಸು ಬಂದು ಇದನ್ನು ನಮ್ಮ ಡಾಕ್ಟರ್ ಸುಲೋಚನಾ ಮೇಡಂಗೆ ವರದಿ ಮಾಡಿದೆ. ಅವರು ನಗುತ್ತ ನಗುತ್ತ ಕುರ್ಚಿಯಿಂದ ಜಾರುವ ಹಾಗಾದರು. ಮೇಡಂ ಮನೆಮಾತು ತೆಲುಗು. ಕನ್ನಡವನ್ನು ಕೈಕಾಲು ಮುರಿದವರ ಬಾಯಿಂದಲೇ ಕಲಿತವರು. ಹಾಗಾಗಿ ‘ಅಯ್ಯಯ್ಯೋ’, ‘ಸತ್ತೆನೋ ಯಪ್ಪಾ’ ಅನ್ನುವ ಮಾತುಗಳನ್ನು ನಮ್ಮವರಿಗಿಂತ ಚೆನ್ನಾಗಿ ಆಡುತ್ತಿದ್ದರು. ನಗು ನಿಂತ ಮೇಲೆ ಅವರು ಒಂದೇ ಮಾತು ಹೇಳಿದರು.

“ಶರಣಪ್ಪಾ, ಡಬ್ಬಿ ನೋಡಬ್ಯಾಡ್ರಿ. ಉಣ್ಣೂ ತಟ್ಟಿ ನೋಡ್ರಿ. ಡಬ್ಬಿ ಎಲ್ಲರ ಮನ್ಯಾಗ ಇರ್ತದ. ಯಾರ ತಟ್ಟಿಗಿ ಎಷ್ಟು ಬೀಳ್ತದ, ಅದು ಬ್ಯಾರೇ ಲೆಕ್ಕ.”

ಅವತ್ತಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಊಟದ ಹೊತ್ತಿಗೆ ಹೋಗುವುದು, ಮಜ್ಜಿಗೆ ಕೇಳುವುದು, ಕೂಡಿರಿ ಎಂದರೆ ಪಂಕ್ತಿಯಲ್ಲಿ ಕೂತೇ ಬಿಡುವುದು. ನಮ್ಮ ಕಡೆ ಹಸಿದು ಬಂದವನನ್ನು ಹಾಗೇ ಕಳಿಸುವ ಮನೆ ಇಲ್ಲ. ತಲೆಬಗ್ಗಿಸಿ ಉಣ್ಣುತ್ತ ಕಣ್ಣು ಮಾತ್ರ ಎಲ್ಲರ ತಟ್ಟೆಯ ಮೇಲೆ ಆಡಿಸುತ್ತಿದ್ದೆ. ಮಗನ ರೊಟ್ಟಿಗೆ ತುಪ್ಪ ಸುರಿಯುವ ಕೈ ಮಗಳ ರೊಟ್ಟಿಗೆ ಬಂದಾಗ ಹೇಗೆ ಹಗುರಾಗುತ್ತದೆ, ಬಡಿಸಿದವಳ ಪಾಲಿಗೆ ಕೊನೆಗೆ ಏನು ಉಳಿಯುತ್ತದೆ, ಎಲ್ಲ ಅಲ್ಲಿ ಕಾಣುತ್ತದೆ. ನನ್ನ ಹೊಟ್ಟೆ ಈ ಗಾತ್ರಕ್ಕೆ ಬಂದದ್ದು ಹೀಗೆ. ಇದನ್ನು ಕರ್ತವ್ಯ ನಿಷ್ಠೆ ಎಂದು ತಿಳಿಯಬೇಕಾಗಿ ವಿನಂತಿ.

ತಾಂಡೂರಿನದು ಇನ್ನೊಂದು ಮಜಾ. ಅಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ದುಡಿಯುವ ಮನೆಗಳ ಹೆಂಗಸರನ್ನು ಕೂಡಿಸಿ ಮೇಡಂ ಒಮ್ಮೆ ಭಾಷಣ ಮಾಡಿದರು. ಎಳ್ಳಿನಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶ ಬಹಳ ಇದೆ, ಬಿಡಬೇಡಿ ಎಂದರು. ಹೆಂಗಸರು ತಲೆ ಅಲ್ಲಾಡಿಸಿದರು. ಮುಂದಿನ ಸಲ ಹೋದಾಗ ಓಣಿಯ ಮಕ್ಕಳೆಲ್ಲ ನಮ್ಮ ಜೀಪು ಕಂಡದ್ದೇ ಓಟ ಕಿತ್ತರು. ಏನು ಎಂದು ಕೇಳಿದರೆ, ಎಲ್ಲ ಮನೆಯಲ್ಲೂ ಬೆಳಗಾಗೆದ್ದು ಚಮಚ ತುಂಬ ಎಳ್ಳೆಣ್ಣೆ ಕುಡಿಸುವ ಕಾರ್ಯಕ್ರಮ ಶುರುವಾಗಿತ್ತು.

ಇದರ ಮುಂದಾಳು ಕಾಶಮ್ಮ ಅನ್ನುವ ಹಿರಿಯ ಹೆಂಗಸು. ನಮ್ಮ ಕಡೆ ಮೊದಲಿನಿಂದ ಒಂದು ರೂಢಿ ಉಂಟು. ಮನೆಯ ಕಾಳು ಗಾಣಕ್ಕೆ ಒಯ್ದು ಹಾಕಿಸುವುದು, ಎಣ್ಣೆ ಮನೆಗೆ, ಹಿಂಡಿ ದನಕ್ಕೆ. ಕಾಶಮ್ಮ ಊರಿನ ಎಳ್ಳನ್ನೆಲ್ಲ ಹಾಗೇ ಗಾಣಕ್ಕೆ ಕಳಿಸಿದ್ದಳು.

“ಡಾಕ್ಟರ್ ಬಾಯಾರ, ನೀವು ಹೇಳಿದಂಗ ಮಾಡೀವಿ ನೋಡ್ರಿ,” ಎಂದಳು ಎದೆಯುಬ್ಬಿಸಿ.

“ಹಿಂಡಿ ಏನ್ ಮಾಡಿದಿ?” ಎಂದರು ಮೇಡಂ.

“ಹಿಂಡ್ಯಾಗ ಏನದರಿ? ಎಳ್ಳಿನ ಜೀವ ಎಲ್ಲ ಎಣ್ಣ್ಯಾಗ ಇರ್ತದ. ಹಿಂಡಿ ಎಮ್ಮಿಗಿ ಹಾಕೀನಿ.”

ಮೇಡಂ ನೆಟ್ಟಗೆ ಕೊಟ್ಟಿಗೆಗೆ ನಡೆದರು. ಎಮ್ಮೆಯ ಮುಂದೆ ನಿಂತು ಎರಡೂ ಕೈ ಜೋಡಿಸಿದರು. “ಅವ್ವಾ, ಈ ಓಣ್ಯಾಗ ನನ್ನ ಭಾಷಣ ಖರೇ ಕೇಳಿದಾಕಿ ನೀ ಒಬ್ಬಾಕೀನೇ!” ಎಂದರು. ಸುಣ್ಣದ ಅಂಶ ಎಣ್ಣೆಯಲ್ಲಿ ಬರುವುದೇ ಇಲ್ಲ, ಅದೆಲ್ಲ ಹಿಂಡಿಯಲ್ಲೇ ಉಳಿಯುತ್ತದೆ ಎಂದು ತಿಳಿಸಿದಾಗ ಹೆಂಗಸರು ಎಮ್ಮೆಯ ಕಡೆ ನೋಡಿದ ನೋಟ ನಾನು ಮರೆತಿಲ್ಲ. ಎಮ್ಮೆ ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು.

“ಹಂಗಾದ್ರ ಎಣ್ಣಿ ಪೂರಾ ಬಿಟ್ಟು ಬಿಡೋಣೇನ್ರಿ?” ಎಂದಳು ಕಾಶಮ್ಮ. ನಮ್ಮ ಜನರ ಸ್ವಭಾವ ಹೀಗೆ. ಹಿಡಿದರೆ ಚಮಚ ತುಂಬ, ಬಿಟ್ಟರೆ ಹನಿಯೂ ಇಲ್ಲ.

ಆಗ ಮೇಡಂ ಅಲ್ಲಿಯ ತೊಗರಿ ಪೇಟೆಯಲ್ಲಿ ಚೀಲ ಹೊರುವ ಹಮಾಲರನ್ನು ತೋರಿಸಿ ಹೇಳಿದ ಮಾತನ್ನು ನಾನು ನೌಕರಿ ಮುಗಿಯುವವರೆಗೆ ಸಾವಿರ ಮನೆಯಲ್ಲಿ ಹೇಳಿದೆ. ಎಣ್ಣೆ, ತುಪ್ಪ ಅಂದರೆ ಹಮಾಲರು. ಎಲುಬಿಗೆ ಬೇಕಾದ ಡಿ ಜೀವಸತ್ವ ಬಿಸಿಲಿನಿಂದ ಮೈಗೆ ತಾನೇ ಬರುತ್ತದೆ. ಊಟದಿಂದ, ಔಷಧದಿಂದ ಬರುವುದನ್ನು ಮಾತ್ರ ಹೊತ್ತು ಒಳಗೆ ಇಳಿಸಲು ಸ್ವಲ್ಪ ಜಿಡ್ಡು ಬೇಕು. ಹಮಾಲರೇ ಇಲ್ಲದಿದ್ದರೆ ತೊಗರಿ ಚೀಲ ಲಾರಿಯಲ್ಲೇ ಉಳಿಯುತ್ತದೆ. ಹಾಗೆಂದು ಪೇಟೆಯ ಹಮಾಲರನ್ನೆಲ್ಲ ಗೋದಾಮಿನೊಳಗೆ ತುಂಬಿದರೆ ಚೀಲ ಇಡಲು ಜಾಗವೇ ಇರುವುದಿಲ್ಲ. ಎಳ್ಳು ಹುರಿದು ಪುಡಿ ಮಾಡಿ ತಿನ್ನಿ, ಮೇಲೆ ಒಂದಿಷ್ಟು ಎಣ್ಣೆ ಹಾಕಿಕೊಳ್ಳಿ, ಹಾಲು ಮೊಸರು ಬಿಡಬೇಡಿ, ಬಿಸಿಲಿಗೆ ಹೋಗಿ, ನಡೆಯಿರಿ. ಇಷ್ಟೇ ಶಾಸ್ತ್ರ. ಇದನ್ನು ಹೇಳಲು ನನಗೆ ಒಂದು ಆಯುಷ್ಯ ಬೇಕಾಯಿತು.

ಮುಂದೆ ಪೆಟ್ಟಿಗೆ ಬಂತು. ಹಿಮ್ಮಡಿ ಇಟ್ಟರೆ ಎಲುಬಿನ ಗಟ್ಟಿತನ ಅಂದಾಜು ಮಾಡಿ ಹೇಳುವ ಯಂತ್ರ. ಅದನ್ನು ದೌಲತಾಬಾದಿಗೆ ಒಯ್ದ ದಿನ ಜನವೋ ಜನ. ಕಾಲು ಇಟ್ಟವನಿಗೆಲ್ಲ ಭವಿಷ್ಯ ಹೇಳುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಒಬ್ಬಳು ಮಗಳಿಗೆ ಗಂಡು ಯಾವ ದಿಕ್ಕಿನಿಂದ ಬರುತ್ತಾನೆ ಎಂದು ಕೇಳಿದಳು. ಅಷ್ಟರಲ್ಲಿ ಕುರಿ ಕಾಯುವ ಬೀರಪ್ಪ ಸಾಲು ಸೀಳಿಕೊಂಡು ಮುಂದೆ ಬಂದ. ಹಿಂದೆ ಕೊಂಬು ತಿರುವಿದ ಟಗರು.

“ಸಾಹೇಬ್ರ, ನಂದು ಬಿಡ್ರಿ, ಗುಡ್ಡ ಹತ್ತಿ ಇಳದು ನನ್ನ ಎಲುಬು ಕಬ್ಬಿಣ ಆಗ್ಯಾವ. ಈ ಟಗರಿನ ಕಾಲು ಒಮ್ಮಿ ಇಟ್ಟು ನೋಡ್ರಿ. ಎಲುಬು ಗಟ್ಟಿ ಅದ ಅಂತ ಒಂದು ಚೀಟಿ ಬರದು ಕೊಟ್ರ ಸಂತ್ಯಾಗ ಚಲೋ ರೇಟ್ ಬರ್ತದ.”

ಆಗುವುದಿಲ್ಲ ಎಂದೆ. ಟಗರಿಗೆ ಅದು ತಿಳಿಯಿತೋ ಏನೋ, ಪೆಟ್ಟಿಗೆ ಇಟ್ಟಿದ್ದ ಮೇಜಿಗೆ ಒಂದು ಗುದ್ದು ಕೊಟ್ಟಿತು. ಮೇಜು ನನ್ನ ಮೇಲೆ, ನಾನು ಮೇಡಂ ಮೇಲೆ, ಮೇಡಂ ಟೆಂಟಿನ ಹಗ್ಗದ ಮೇಲೆ. ಟೆಂಟು ಎಲ್ಲರ ಮೇಲೆ. ಬಟ್ಟೆಯ ಕೆಳಗಿನಿಂದ ಮೇಡಂ ದನಿ ಕೇಳಿತು: “ಶರಣಪ್ಪಾ, ಬರದು ಕೊಡ್ರಿ, ಟಗರಿನ ಎಲುಬು ಗಟ್ಟಿ ಅವ!”

ಆಮೇಲೆ ಫೋನು ಬಂತು. ಮೊದಲೆಲ್ಲ ನಾವು ಬಟ್ಟೆಯ ಮೇಲೆ ಬರೆದ ಚಿತ್ರಪಟ ಹೆಗಲ ಮೇಲೆ ಹೊತ್ತು ಊರೂರು ತಿರುಗುತ್ತಿದ್ದೆವು. ಈಗ ಎಲ್ಲರ ಕೈಯಲ್ಲೂ ಒಬ್ಬೊಬ್ಬ ಡಾಕ್ಟರು. ಬೆಳಗ್ಗೆ ಒಬ್ಬ ತುಪ್ಪ ಅಮೃತ ಅನ್ನುತ್ತಾನೆ, ಸಂಜೆ ಇನ್ನೊಬ್ಬ ವಿಷ ಅನ್ನುತ್ತಾನೆ. ಎತ್ತು ಏರಿಗೆ, ಕೋಣ ನೀರಿಗೆ. ನೀವು ಈಗ ಸೇರುತ್ತಿರುವ ಕೆಲಸದಲ್ಲಿ ಹೇಳುವುದು ಕಾಲು ಭಾಗ, ಬೇರೆಯವರು ಹೇಳಿದ್ದನ್ನು ಬಿಡಿಸುವುದು ಮುಕ್ಕಾಲು ಭಾಗ. ಹೊಸ್ತಿಲ ಹೊರಗಿನ ಆ ಕೆಂಪು ಬ್ಯಾಗಿನ ಹಿಂದೆ ಇದ್ದದ್ದೂ ಇಂಥದೇ ಒಂದು ಫೋನಿನ ವಿಡಿಯೋ. ಈಗ ಅಲ್ಲಿಗೆ ಬರುತ್ತೇನೆ.

ನಾರಾಯಣಖೇಡದ ಆ ಮನೆ ಬಸಣ್ಣನದು. ಶಿವಭಕ್ತರ ಮನೆತನ, ಪೇಟೆಯಲ್ಲಿ ಕಾಳಿನ ಅಂಗಡಿ. ತಾಯಿ ನೀಲಮ್ಮ, ಹೆಂಡತಿ ಸುವರ್ಣಾ. ನೀಲಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ನಮ್ಮಲ್ಲೇ ಕಟ್ಟು ಹಾಕಿತ್ತು. ಆರೈಕೆಗೆಂದು ಕೊಹೀರಿನಿಂದ ಅವರ ಅಕ್ಕ ಶಂಕ್ರಮ್ಮ ಬಂದರು. ಬಂದವರು ಅಡುಗೆಮನೆ ಹೊಕ್ಕು ನೋಡಿದರೆ, ಮುಂಚೆ ಗಾಣದ ಕುಸುಬಿ ಎಣ್ಣೆ ಇರುತ್ತಿದ್ದ ಜಾಗದಲ್ಲಿ ಸೊಸೆ ತಂದಿಟ್ಟ ಪಾಕೀಟಿನ ಎಣ್ಣೆ. ಫೋನಿನಲ್ಲಿ ಯಾರೋ ಪಾಕೀಟಿನ ಎಣ್ಣೆ ಎಲುಬು ಕರಗಿಸುತ್ತದೆ ಎಂದು ಕಿರುಚುತ್ತಿದ್ದ. ಎರಡಕ್ಕೆರಡು ಕೂಡಿಸಿ ಶಂಕ್ರಮ್ಮ ಓಣಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು: ನನ್ನ ತಂಗಿಯ ಕೈ ಮುರಿದದ್ದು ಸೊಸೆಯ ಎಣ್ಣೆ.

ಮಾತು ಜಹೀರಾಬಾದಿನ ತವರಿಗೂ ಮುಟ್ಟಿತು. ಸುವರ್ಣಾಳ ಅಣ್ಣ ಚನ್ನಪ್ಪ ಸಿಟ್ಟಿನಿಂದ ಕೆಂಪಾಗಿ ಬಂದು ತಂಗಿಯ ಬ್ಯಾಗು ಹೊರಗೆ ಇಟ್ಟ. ಬಸಣ್ಣ ದಿಕ್ಕು ತೋಚದೆ ದವಾಖಾನೆಗೆ ಫೋನು ಮಾಡಿದ. “ಸಾಹೇಬ್ರ, ನೀವು ಬಂದು ಯಾವ ಎಣ್ಣಿ ಅಂತ ಹೇಳಿ ಬಿಡ್ರಿ. ನನಗ ಒಂದು ಕಡಿ ಅವ್ವ, ಒಂದು ಕಡಿ ಹೆಂಡ್ತಿ. ನಾ ಗಾಣದಾಗಿನ ಎಳ್ಳ ಆಗೀನಿ.”

ಹೊರಡುವ ಮುಂದೆ ಮೇಡಂ ಒಂದು ಮಾತು ಹೇಳಿದರು. “ಆ ತಾಯಿಗಿ ಮೊದಲು ಮೊಣಕಾಲು ನೋವು ಅಂತ ಬಂದಾಗ ಹಾಲಿನ ಜೋಡಿ ತಗೊಳ್ಳಾಕ ಡಿ ಪುಡಿ ಕೊಟ್ಟಿದ್ದೆ. ಎಷ್ಟು ಕೊಟ್ರೂ ರಕ್ತದಾಗ ಏರಲೇ ಇಲ್ಲ. ಯಾಕೋ ನೋಡ್ಕೊಂಡು ಬರ್ರಿ.”

ನಾನು ಮನೆ ಮುಟ್ಟಿದಾಗ ಅಂಗಳದಲ್ಲಿ ಚನ್ನಪ್ಪ, ಪಡಸಾಲೆಯಲ್ಲಿ ಶಂಕ್ರಮ್ಮ, ಕಂಬಕ್ಕೆ ಒರಗಿ ಬಸಣ್ಣ. ಮೂಲೆಯಲ್ಲಿ ಕೊರಳಿಗೆ ಕೈ ಕಟ್ಟಿಕೊಂಡು ನೀಲಮ್ಮ ನೆಲ ನೋಡುತ್ತ ಕೂತಿದ್ದರು. ಶಂಕ್ರಮ್ಮ ನನ್ನ ಕಾಲು ಒಳಗೆ ಬೀಳುವುದಕ್ಕೂ ಬಿಡಲಿಲ್ಲ. ಒಂದು ಕೈಯಲ್ಲಿ ಎಣ್ಣೆ ಡಬ್ಬಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಎದುರು ಬಂದರು.

“ನೋಡ್ರಿ ಇದನ್ನ! ಗಾಣದ ಎಣ್ಣಿ ಉಣ್ಣೂ ಮುಂದ ನನ್ನ ತಂಗಿ ಕಲ್ಲಿನಂಗ ಇದ್ಳು. ಈ ನೀರಿನಂಥಾ ಎಣ್ಣಿ ತಿಂದು ತಿಂದು ಎಲುಬು ಹಪ್ಪಳ ಆಗ್ಯಾವ. ಹೌದೋ ಅಲ್ಲೋ ಹೇಳ್ರಿ!”

“ನಮ್ಮ ಸುವರ್ಣಾ ಏನು ಎಲುಬು ಮುರಿಯಾಕ ಈ ಮನಿಗಿ ಬಂದಾಳೇನ್ರಿ?” ಎಂದು ಅಂಗಳದಿಂದ ಚನ್ನಪ್ಪ ಗುಡುಗಿದ. “ಹೇಳಿಬಿಡ್ರಿ ಸಾಹೇಬ್ರ, ಬಸ್ಸಿಗಿ ಹೊತ್ತಾಗ್ತದ.”

ಹೌದು ಎಂದರೆ ಸೊಸೆ ಹೋಗುತ್ತಾಳೆ. ಅಲ್ಲ ಎಂದರೆ ಶಂಕ್ರಮ್ಮ ನನ್ನನ್ನು ನುಂಗುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಾನು ಪಳಗಿದವನೇ, ಆದರೆ ಅವತ್ತು ಆ ಗೋಡೆಯೂ ಇರಲಿಲ್ಲ. ನನಗೆ ತಿಳಿದ ಒಂದೇ ವಿದ್ಯೆ ಪ್ರಯೋಗಿಸಿದೆ.

“ಹಸಿವಾಗ್ಯಾದ್ರಿ,” ಎಂದೆ. “ಉಂಡು ಹೇಳ್ತೀನಿ. ಎಲ್ಲರೂ ಕೂಡ್ರಿ, ನೀಲವ್ವಾರೂ ಕೂಡ್ಲಿ.”

ತವರಿಗೆ ಹೊರಟ ಸೊಸೆಯೇ ಸೆರಗು ಸಿಕ್ಕಿಸಿಕೊಂಡು ಬಡಿಸಿದಳು. ಮೂಗು ಕೆಂಪಾಗಿತ್ತು, ಕೈ ಮಾತ್ರ ಚುರುಕಾಗಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿಪುಡಿ. ಪುಡಿ ಹಾಕಿದ ಮೇಲೆ ಎಣ್ಣೆಯ ಗಿಂಡಿ ಹಿಡಿದು ಬಂದಳು. ಚಟ್ನಿಪುಡಿಯ ನಡುವೆ ಕುಣಿ ಮಾಡಿ ಎಣ್ಣೆ ಹಾಕಿಸಿಕೊಳ್ಳದೆ ನಮ್ಮ ಕಡೆ ರೊಟ್ಟಿ ಮುರಿಯುವವರಿಲ್ಲ. ಸಿಟ್ಟಿನಲ್ಲಿದ್ದ ಚನ್ನಪ್ಪ ಹಾಕಿಸಿಕೊಂಡ. ಪಾಕೀಟಿನ ಎಣ್ಣೆ ಎಂದು ಬೈದ ಶಂಕ್ರಮ್ಮ ಮುಖ ಸಿಂಡರಿಸಿಕೊಂಡೇ ಎರಡು ಸಲ ಹಾಕಿಸಿಕೊಂಡರು. ಸುವರ್ಣಾ ನೀಲಮ್ಮನ ತಟ್ಟೆಯ ಮುಂದೆ ಬಂದಳು, ನಿಲ್ಲಲಿಲ್ಲ, ದಾಟಿ ನನ್ನ ಕಡೆ ಬಂದಳು.

ಜಗಳದ ಸಿಟ್ಟಿಗೆ ದಾಟಿದ್ದಲ್ಲ ಅದು. ಸಿಟ್ಟಿದ್ದವರ ಕೈ ಒಂದು ಕ್ಷಣವಾದರೂ ತಡೆಯುತ್ತದೆ. ಇದು ರೂಢಿಯ ಕೈ. ನೀಲಮ್ಮನ ಎಡಗೈ ಕೂಡ ಗಿಂಡಿ ಬರುವ ಮೊದಲೇ ತಟ್ಟೆಯ ಮೇಲೆ ಅಡ್ಡ ಬಂದಿತ್ತು. ಮೊಸರು ಬಂದಾಗಲೂ ಹಾಗೇ ಆಯಿತು. ಪಲ್ಯ ಕೂಡ ಅವರಿಗೆ ಬೇರೆ ಬಟ್ಟಲಲ್ಲಿ ಬಂದಿತ್ತು, ಒಗ್ಗರಣೆ ಇಲ್ಲದ ಒಣ ಪಲ್ಯ. ನನ್ನ ಬಾಯಲ್ಲಿದ್ದ ತುತ್ತು ಬಾಯಲ್ಲೇ ನಿಂತಿತು.

“ತಂಗೀ, ನಿಮ್ಮ ಅತ್ತಿಗಿ ಎಣ್ಣಿ ಯಾಕ ಹಾಕಲಿಲ್ಲ?” ಎಂದು ಕೇಳಿದೆ.

“ಅವ್ರು ತಿನ್ನೂದೇ ಇಲ್ಲಲ್ರಿ. ನಾ ಲಗ್ನ ಆಗಿ ಬಂದು ಎರಡು ವರ್ಷಕ್ಕ ಬಿಟ್ಟಾರ, ಈ ಪಾಕೀಟು ತರೂ ಮೊದಲೇ. ಹಾಲು, ಮೊಸರು, ತುಪ್ಪಾನೂ ಇಲ್ಲ. ನನ್ನ ಕೈ ಅಡಗಿ ಅವರಿಗಿ ಹಿಡಿಸಿಲ್ಲ ಅಂತ ತಿಳಕೊಂಡೆ. ಹೇಳಿದ್ರ ಅದಕ್ಕೂ ನನ್ನನ್ನೇ ಬೈತಾರ ಅಂತ ಅಂಜಿ ಸುಮ್ಮನ ಇದ್ದೆ,” ಎಂದಳು ಸುವರ್ಣಾ.

“ಏ, ಡಾಕ್ಟರ್ ಬಿಡು ಅಂದಾರ ಅಂತ ನಾ ತಿಳಕೊಂಡಿದ್ದೆ,” ಎಂದ ಬಸಣ್ಣ.

“ನಾ ಸೋಮವಾರದ ಒಪ್ಪೊತ್ತು ಅಂತ ತಿಳದಿದ್ದೆ,” ಎಂದರು ಶಂಕ್ರಮ್ಮ, ದನಿ ಅರ್ಧಕ್ಕೆ ಇಳಿಸಿ. ಅವತ್ತು ಗುರುವಾರ.

ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಎಂಜಲ ಕೈಯನ್ನೇ ಎತ್ತಿ ತೀರ್ಪು ಕೊಟ್ಟೆ. “ಕೇಳ್ರಿ ಎಲ್ಲರೂ. ಈ ಡಬ್ಬಿ ಎಣ್ಣಿ ಇವತ್ತಿನ ತನಕ ನೀಲವ್ವಾರ ನಾಲಿಗಿ ಮಾರಿ ನೋಡಿಲ್ಲ. ಭೆಟ್ಟಿನೇ ಆಗದಾಕಿ ಕೈ ಹ್ಯಾಂಗ ಮುರೀತದ? ಎಣ್ಣಿ ನಿರ್ದೋಷಿ!”

ಎಣ್ಣೆಯ ವಿಷಯ ಅಲ್ಲಿಗೆ ಮುಗಿಸಬಹುದಿತ್ತು. ಆದರೆ ತಿಳಿದದ್ದನ್ನು ಬಿಡಿಸಿ ಹೇಳಬೇಕಲ್ಲ, ಹೇಳಿದೆ. ಯಾವ ಎಣ್ಣೆಯೂ ತಾನೊಂದೇ ಎಲುಬು ಮುರಿಯುವುದಿಲ್ಲ, ತಾನೊಂದೇ ಕೂಡಿಸುವುದೂ ಇಲ್ಲ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬೇಡಿ, ಗಾಣದ್ದೋ ಪಾಕೀಟಿನದೋ ಮಿತವಾಗಿರಲಿ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಎಲುಬು ಸವೆಯುವುದು ಇದ್ದದ್ದೇ. ಅದರ ಮೇಲೆ ಹಾಲು ಮೊಸರು ಇಲ್ಲ, ಬಿಸಿಲಿಗೆ ಹೋಗುವುದಿಲ್ಲ, ಹಾಲಿನಲ್ಲಿ ತಗೊಳ್ಳಬೇಕಾದ ಪುಡಿ ಬರೀ ನೀರಿನಲ್ಲಿ ಹೋಗಿದೆ, ಅದನ್ನು ಹೊತ್ತು ಇಳಿಸಲು ಹಮಾಲರಿಲ್ಲ. ಇಷ್ಟೆಲ್ಲ ಆಗಿ ಬಚ್ಚಲಿನ ಒದ್ದೆ ತಾಂಡೂರು ಪರಸಿಯ ಮೇಲೆ ಕಾಲು ಇಟ್ಟರೆ ಬೀಳದೆ ಇನ್ನೇನು? ಬೈಯುವುದಿದ್ದರೆ ಆ ಪರಸಿಗೆ ಬೈಯಿರಿ ಎಂದೆ. ಬಸಣ್ಣ ಖುಷಿಯಿಂದ ಪರಸಿಗೆ ಬೈಯಲು ಶುರು ಮಾಡಿಯೇಬಿಟ್ಟ.

ಆದರೆ ಚನ್ನಪ್ಪ ತಟ್ಟೆ ಬಿಟ್ಟು ಎದ್ದ. “ಆತಲ್ಲ, ಎಣ್ಣಿ ಬಿಡುಗಡೆ ಆತು. ನಮ್ಮ ತಂಗಿ ಇಷ್ಟು ದಿನ ಬೈಸಿಕೊಂಡಳಲ್ಲ, ಅದು? ನಾ ಈ ಎಣ್ಣಿ ತಿಂದೇ ಇಲ್ಲ ಅಂತ ಒಂದು ಮಾತು ಹೇಳಿದ್ರ ಆ ಹಿರೇರ ಗಂಟು ಏನು ಹೋಗ್ತಿತ್ತು? ಬಾಯಿ ಬಿಗಿ ಹಿಡಕೊಂಡು ಕೂತಾರ. ಇಂಥಾ ಮನ್ಯಾಗ ಇರಬ್ಯಾಡ. ನಡಿ ಸುವರ್ಣಾ.”

ಮಾತು ನ್ಯಾಯವಾಗಿತ್ತು.  ನನ್ನ ಕುಣಿತ ಎಲ್ಲ ಇಳಿದು ಹೋಯಿತು. ಸುವರ್ಣಾ ಎಣ್ಣೆಯ ಗಿಂಡಿ ಕೆಳಗೆ ಇಟ್ಟು, ಅತ್ತೆಯ ಕಡೆ ಒಮ್ಮೆ ನೋಡಿದಳು. ಏನಾದರೂ ಹೇಳುತ್ತಾರೇನೋ ಎಂದು ಕಾದಳು. ನೀಲಮ್ಮ ನೆಲವನ್ನೇ ನೋಡುತ್ತಿದ್ದರು. ಸುವರ್ಣಾ ಹೊಸ್ತಿಲ ಕಡೆ ತಿರುಗಿದಳು. ಚನ್ನಪ್ಪ ಬ್ಯಾಗು ಎತ್ತಿದ.

“ಹರಕಿ ಅದ!” ಎಂದರು ನೀಲಮ್ಮ.

ಎಲ್ಲರೂ ನಿಂತಲ್ಲೇ ನಿಂತರು. ಆ ತಾಯಿ ಮುಖ ಮುಚ್ಚಿಕೊಳ್ಳಲು ಬಲಗೈ ಎತ್ತಲು ಹೋದರು, ಕಟ್ಟಿದ ಕೈ ಏಳಲಿಲ್ಲ. ಅಳು ಎಲ್ಲರಿಗೂ ಕಾಣುವಂತಾಯಿತು.

“ಈಕಿ ಮಡಲಾಗ ಒಂದು ಕೂಸು ಬರೂ ತನಕ ಜಿಡ್ಡು ಮುಟ್ಟೂದಿಲ್ಲ ಅಂತ ಶಿವಗ ಹರಕಿ ಹೊತ್ತೀನಿ. ಎಣ್ಣಿ, ತುಪ್ಪ, ಹಾಲು, ಮೊಸರು, ಎಲ್ಲ ಬಿಟ್ಟೀನಿ. ನನ್ನ ಪಾಲಿನ ಎಣ್ಣಿ ದಿನಾ ಗುಡಿ ದೀಪಕ್ಕ ಕಳಸ್ತೀನಿ. ಹರಕಿ ಬಾಯಿ ಬಿಟ್ಟು ಹೇಳಿದ್ರ ಫಲಿಸೂದಿಲ್ಲಂತ. ಹೇಳಿದ್ರ ಕೂಸು ಹೋಗ್ತದ, ಹೇಳದಿದ್ರ ಈಕೀನೇ ಹೋಗ್ತಾಳ. ನಾ ಏನ್ ಮಾಡಲಿ? ಈಗ ಹೇಳಿಬಿಟ್ಟೆ. ಎಲ್ಲ ಮುಗೀತು.”

 ನನ್ನ ಕಣ್ಣಲ್ಲಿ ನೀರು ಬಂತು. ಚಟ್ನಿಯ ಖಾರ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಖಾರ ಅಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿ ಒಬ್ಬಳು ಇನ್ನೊಬ್ಬಳಿಗಾಗಿ ಒಣ ರೊಟ್ಟಿ ತಿಂದಿದ್ದಳು. ಇನ್ನೊಬ್ಬಳು ತನ್ನ ಅಡುಗೆ ಹಿಡಿಸಿಲ್ಲ ಎಂದು ಒಳಗೇ ನೊಂದುಕೊಂಡಿದ್ದಳು.

ಸುವರ್ಣಾ ಹೊಸ್ತಿಲಿನಿಂದ ತಿರುಗಿ ಬಂದು ಅತ್ತೆಯ ಮುಂದೆ ಕೂತಳು. ಸೆರಗಿನಿಂದ ಅವರ ಮುಖ ಒರೆಸಿದಳು. ಅತ್ತು ಬಿಡುತ್ತಾಳೆ ಅಂದುಕೊಂಡೆ. ಆಕೆ ಬೈದಳು.

“ನಿಮಗ ಬುದ್ಧಿ ಅದ ಏನ್ರಿ ಅತ್ತಿ? ನಾಳಿ ಕೂಸು ಬಂದ್ರ ಅದನ್ನ ಎತ್ತಿಕೊಳ್ಳಾಕ ಕೈ ಬ್ಯಾಡೇನ್ರಿ? ಇಂಥಾ ಹಪ್ಪಳದಂಥಾ ಎಲುಬು ಇಟ್ಕೊಂಡು ನನ್ನ ಕೂಸಿಗಿ ನೀರು ಎರಿಯಾಕ ಬರ್ತೀರೇನು? ನಾ ಕೊಡೂದಿಲ್ಲ ನೋಡ್ರಿ! ಕೂಸು ಬರಲಿ, ಬಿಡಲಿ, ಅದು ಶಿವನ ಮರ್ಜಿ. ನೀವು ಇರಬೇಕು. ಅದು ನನ್ನ ಮರ್ಜಿ.”

ನೀಲಮ್ಮ ಅಳುತ್ತಲೇ ಬಾಯಿ ತೆರೆದು ನೋಡಿದರು. ಸೊಸೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲಂತೆ.

“ಹಂಗಾದ್ರ ಗುಡಿ ದೀಪ?” ಎಂದರು ಸಣ್ಣ ದನಿಯಲ್ಲಿ. “ನನ್ನ ಪಾಲು ನಾನೇ ತಿಂದ್ರ ದೀಪಕ್ಕ ಎಣ್ಣಿ?”

ಇದಕ್ಕೆ ಉತ್ತರ ಕೊಟ್ಟದ್ದು ಶಂಕ್ರಮ್ಮ. ಅವರು ಇಷ್ಟು ಹೊತ್ತೂ ತಮ್ಮ ಮಡಿಲಲ್ಲೇ ಇಟ್ಟುಕೊಂಡಿದ್ದ ಡಬ್ಬಿಯನ್ನು ಮೇಲೆತ್ತಿದರು. “ದೀಪಕ್ಕ ಈ ಪಾಕೀಟಿನ ಎಣ್ಣಿ ಹಾಕೋಣ ತಗೋ. ಲಿಂಗಕ್ಕ ಏನು ಎಲುಬು ಅದಾವ, ಕರಗಾಕ?”

ಮೊದಲು ನಕ್ಕದ್ದು ಬಸಣ್ಣ. ಆಮೇಲೆ ನಾನು. ನನ್ನ ನಗು ಗೊತ್ತಲ್ಲ, ಒಮ್ಮೆ ಹೊರಟರೆ ಹೊಟ್ಟೆ ಸಮೇತ ಹೊರಡುತ್ತದೆ. ನೀಲಮ್ಮ “ಶಿವ ಶಿವಾ” ಎಂದು ಗಲ್ಲ ಗಲ್ಲ ಬಡಿದುಕೊಳ್ಳಲು ಹೋಗಿ, ಒಂದೇ ಕೈ ಇರುವುದು ನೆನಪಾಗಿ, ಒಂದೇ ಗಲ್ಲ ಬಡಿದುಕೊಂಡು ತಾವೂ ನಕ್ಕರು. ಅಂಗಳದಲ್ಲಿ ಬ್ಯಾಗು ಹಿಡಿದು ನಿಂತಿದ್ದ ಚನ್ನಪ್ಪ ಮಾತ್ರ ನಗಬಾರದು ಎಂದು ಮೀಸೆ ಕಚ್ಚಿಕೊಂಡು ನಿಂತಿದ್ದ.

ಸುವರ್ಣಾ ಅತ್ತೆಯ ತಟ್ಟೆ ಎಳೆದುಕೊಂಡಳು. ಗುರೆಳ್ಳು ಚಟ್ನಿಯ ನಡುವೆ ಬೆರಳಿನಿಂದ ಕುಣಿ ಮಾಡಿ ಎಣ್ಣೆ ಹಾಕಿದಳು. ಕಲಸಿ, ರೊಟ್ಟಿಯ ತುಂಡಿಗೆ ಹಚ್ಚಿ, ಬಾಯಿಯ ಮುಂದೆ ಹಿಡಿದಳು. ನೀಲಮ್ಮ ಕಣ್ಣು ಮುಚ್ಚಿ ಏನೋ ಗೊಣಗಿಕೊಂಡರು, ಶಿವನಿಗೆ ಕ್ಷಮೆ ಕೇಳಿದರೋ, ಲೆಕ್ಕ ಹೇಳಿದರೋ ಗೊತ್ತಿಲ್ಲ. ಬಾಯಿ ತೆರೆದರು. ನಿಧಾನವಾಗಿ ಅಗಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

ನುಂಗಿದ ಮೇಲೆ ಅವರು ಕಣ್ಣು ತೆರೆದು ಸೊಸೆಯನ್ನು ನೋಡಿದರು.

“ಉಪ್ಪು ಕಮ್ಮಿ ಆಗ್ಯಾದ,” ಎಂದರು.

“ನಾಳಿ ಹೆಚ್ಚಿಗಿ ಹಾಕ್ತೀನ್ರಿ ಅತ್ತಿ,” ಎಂದಳು ಸುವರ್ಣಾ.

ನಾಳೆ ಎಂದಳು. ಚನ್ನಪ್ಪ ಅದನ್ನು ಕೇಳಿದ. ಬ್ಯಾಗು ಒಳಗೆ ತಂದು ಗೋಡೆಯ ಬದಿಗೆ ಇಟ್ಟು, ಬಿಟ್ಟೆದ್ದ ತಟ್ಟೆಯ ಮುಂದೆ ಮತ್ತೆ ಕೂತು, ನನಗೂ ಇನ್ನೊಂದು ರೊಟ್ಟಿ ಹಾಕು ಎಂದು ತಂಗಿಯನ್ನು ಕೂಗಿದ.